ತೊಳೆಯದೆ ಉಳಿದ ಎಂಟು ಪುಟ

ನಮ್ಮ ದೇಶದ ಸಂವಿಧಾನವನ್ನು ಮೂರು ಸಲ ತೊಳೆದವಳು ನನ್ನ ಹೆಂಡತಿ. ನಾಲ್ಕನೆಯ ಸಲ ತೊಳೆಯುವುದಿಲ್ಲ ಎಂದಳು.

ಅವಳು ಹೋಗಿ ತಿಂಗಳಾಯಿತು. ಮಾತನಾಡಿಸಲು ಬಂದವರೆಲ್ಲ ಅವಳ ತಾಳ್ಮೆಯನ್ನು ಹೊಗಳಿದರು. ಅಳುವಿನ ನಡುವೆ ನನಗೆ ನಗು ಬಂತು. ಐವತ್ತೆರಡು ವರ್ಷ ಅವಳ ಜೊತೆ ಬಾಳಿದವನು ನಾನು. ತಾಳ್ಮೆ ಇದ್ದದ್ದು ನನಗೆ. ಅವಳಿಗೆ ಇದ್ದದ್ದು ಬೇರೆ. ಸತ್ತವರ ಮೇಲೆ ಸುಳ್ಳು ಹೊರಿಸಬಾರದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾವಿಬ್ಬರೂ ಒಂದು ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೆವು. ನಾನು ಯಂತ್ರ ತುಳಿಯುತ್ತಿದ್ದೆ. ಕಾಲಿನಿಂದ ತುಳಿದರೆ ಚಕ್ರ ತಿರುಗಿ, ಕಾಗದದ ಮೇಲೆ ಅಚ್ಚು ಬೀಳುವ ಯಂತ್ರ ಅದು. ದಿನಕ್ಕೆ ಏಳೆಂಟು ಸಾವಿರ ಸಲ ತುಳಿದರೂ ಇದ್ದಲ್ಲಿಂದ ಒಂದು ಗೇಣೂ ಮುಂದೆ ಹೋಗುತ್ತಿರಲಿಲ್ಲ. "ನಿಮ್ಮಷ್ಟು ನಡೆದವರು ಯಾರೂ ಇಲ್ಲ, ನಿಮ್ಮಷ್ಟು ಎಲ್ಲೂ ಹೋಗದೇ ಇರೋರೂ ಯಾರೂ ಇಲ್ಲ" ಎಂದು ಅವಳು ಅನ್ನುತ್ತಿದ್ದಳು.

ಅವಳ ಕೆಲಸ ಮೊಳೆ ತೊಳೆಯುವುದು. ಆಗ ಒಂದೊಂದು ಅಕ್ಷರಕ್ಕೂ ಒಂದೊಂದು ಸೀಸದ ಮೊಳೆ. ಅವನ್ನು ಸಾಲಾಗಿ ಜೋಡಿಸಿ, ಚೌಕಟ್ಟಿನಲ್ಲಿ ಬಿಗಿದು, ಮಸಿ ಹಚ್ಚಿ ಅಚ್ಚು ಹಾಕಬೇಕು. ಅಚ್ಚು ಮುಗಿದ ಮೇಲೆ ಮಸಿ ಒಣಗುವ ಮೊದಲೇ ಮೊಳೆಗಳನ್ನು ತೊಳೆಯಬೇಕು. ತೊಳೆದದ್ದನ್ನು ಬಿಡಿಸಿ ಖಾನೆಗೆ ಹಾಕಬೇಕು. ಅದೇ ಮೊಳೆಗಳಿಂದ ಮುಂದಿನ ಪುಟ ಜೋಡಿಸಬೇಕು. ನಮ್ಮಲ್ಲಿ ಇದ್ದ ಮೊಳೆ ಹದಿನಾರು ಪುಟಕ್ಕೆ ಸಾಕಾಗುವಷ್ಟು. ಎಂಟು ಪುಟ ಯಂತ್ರದ ಮೇಲೆ, ಎಂಟು ಪುಟ ಜೋಡಿಸುವವರ ಕೈಯಲ್ಲಿ. ತೊಳೆಯುವವಳು ಒಂದು ದಿನ ಮಲಗಿದರೆ ಮುದ್ರಣಾಲಯವೇ ಮಲಗಿದ ಹಾಗೆ. ಇದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಯಿ ಬಿಟ್ಟು ಹೇಳುತ್ತಿರಲಿಲ್ಲ.

ತೊಳೆಯುವುದು ಕಾಸ್ಟಿಕ್ ನೀರಿನಲ್ಲಿ. ಅದು ಮಸಿಯನ್ನೂ ತಿನ್ನುತ್ತದೆ, ಚರ್ಮವನ್ನೂ ತಿನ್ನುತ್ತದೆ. ಅವಳ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ಒಮ್ಮೆ ಯಾವುದೋ ಕಾಗದಕ್ಕೆ ಹೆಬ್ಬೆಟ್ಟು ಒತ್ತಿಸಿಕೊಂಡ ಗುಮಾಸ್ತ, "ಏನಮ್ಮಾ, ಬರೀ ಮಸಿ ಮೆತ್ತಿದ್ದೀಯಲ್ಲ, ಬೆರಳೆಲ್ಲಿ?" ಎಂದು ಗದರಿದ್ದ.

ಮುದ್ರಣಾಲಯಕ್ಕೆ ಎರಡು ಬಾಗಿಲು. ಮುಂಬಾಗಿಲಿನಿಂದ ಜೋಡಿಸುವವರು ಬರುತ್ತಿದ್ದರು. ಹಿಂಬಾಗಿಲಿನಿಂದ ನಾವು. ನಮ್ಮ ಕೇರಿಯಲ್ಲಿ ಹುಟ್ಟಿದವರು ಮುಂಬಾಗಿಲಿನಿಂದ ಬರುವ ಹಾಗಿರಲಿಲ್ಲ. ಯಾರು ಮಾಡಿದ ನಿಯಮ ಎಂದು ಕೇಳಿದರೆ ಎಲ್ಲರೂ ಸತ್ತುಹೋದವರ ಕಡೆಗೆ ಕೈ ತೋರಿಸುತ್ತಿದ್ದರು. ಒಳಗಿನ ಹಜಾರದಲ್ಲಿ ಒಂದು ಹಿತ್ತಾಳೆಯ ಕೊಳಾಯಿ. ಅದು ನಮಗಿಲ್ಲ. ನಮಗೆ ಹಿತ್ತಲಲ್ಲಿ ಒಂದು ಮಣ್ಣಿನ ಹಂಡೆ. ಅದಕ್ಕೆ ನೀರನ್ನು ನಾಲ್ಕು ಬೀದಿ ಆಚೆಯಿಂದ ನಾನೇ ಹೊತ್ತು ತರಬೇಕು. ಅವಳ ತೊಟ್ಟಿಯಿಂದ ಕೊಳಾಯಿಗೆ ಹನ್ನೆರಡು ಹೆಜ್ಜೆ. ನಾನು ನಡೆದು ಎಣಿಸಿದ್ದಲ್ಲ. ಕಣ್ಣಿನಿಂದ ಎಣಿಸಿದ್ದು.

ನಮ್ಮ ಯಜಮಾನರು ಕೆಟ್ಟವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪರದೇಶದವರು ನಮ್ಮನ್ನು ಆಳುತ್ತಿದ್ದ ಕಾಲದಲ್ಲಿ ಅವರು ಎರಡು ಸಲ ಜೈಲಿಗೆ ಹೋದವರು. ಒರಟು ಬಟ್ಟೆ ಉಡುತ್ತಿದ್ದರು. ಸ್ವಾತಂತ್ರ್ಯ ಎಂಬ ಮಾತು ಬಂದರೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಆ ನೀರೂ ಹಜಾರದ ಕೊಳಾಯಿಯ ಹಾಗೆ, ಹಿತ್ತಲಿನವರೆಗೆ ಬರುತ್ತಿರಲಿಲ್ಲ, ಅಷ್ಟೆ.

ಆ ಕಾಲದಲ್ಲಿ ಸರ್ಕಾರ ನಿಷೇಧಿಸಿದ ಕರಪತ್ರಗಳನ್ನು ನಾವು ಅಚ್ಚು ಹಾಕುತ್ತಿದ್ದೆವು. ಒಂದು ಮಧ್ಯಾಹ್ನ ಪೊಲೀಸರು ಬಂದರು. ಕರಪತ್ರದ ಮೊಳೆಗಳು ಆಗ ತಾನೇ ಯಂತ್ರದಿಂದ ಇಳಿದಿದ್ದವು. ಯಜಮಾನರ ಮುಖ ಬಿಳಿಚಿತು. ನನ್ನ ಹೆಂಡತಿ ಆ ಚೌಕಟ್ಟನ್ನು ಮಗುವನ್ನು ಎತ್ತಿದ ಹಾಗೆ ಎತ್ತಿಕೊಂಡು ಹೋಗಿ ತನ್ನ ತೊಟ್ಟಿಯಲ್ಲಿ ಮುಳುಗಿಸಿದಳು. ನೀರು ಇದ್ದಿಲಿನಷ್ಟು ಕಪ್ಪು. ಅಧಿಕಾರಿ ಎಲ್ಲ ಖಾನೆಗಳನ್ನು ಕೊಡವಿ ಹಾಕಿ ಹಿತ್ತಲಿಗೆ ಬಂದ.

"ಅದರಲ್ಲಿ ಏನಿದೆ?"

"ಕೈ ಹಾಕಿ ನೋಡಿ ಸ್ವಾಮಿ" ಎಂದಳು.

ಅವನು ತೊಟ್ಟಿಯನ್ನು ನೋಡಿದ. ಅವಳನ್ನು ನೋಡಿದ. ಎರಡರಲ್ಲಿ ಯಾವುದಕ್ಕೆ ಹೆಚ್ಚು ಹೇಸಿದನೋ ದೇವರಿಗೆ ಗೊತ್ತು. ಮೂಗು ಮುಚ್ಚಿಕೊಂಡು ಹೊರಟುಹೋದ. ಅವಳ ತೊಟ್ಟಿಗೆ ಕೈ ಹಾಕುವ ಗಂಡಸು ಆ ರಾಜ್ಯದಲ್ಲೇ ಹುಟ್ಟಿರಲಿಲ್ಲ. ಅದೇ ನಮ್ಮ ಹೋರಾಟದ ಕೋಟೆಯಾಗಿತ್ತು.

ಯಜಮಾನರು ಮುಂದೆ ಎಷ್ಟೋ ಸಭೆಗಳಲ್ಲಿ ಇದನ್ನು ಹೇಳಿದರು. "ಅಂದು ನಮ್ಮ ಮುದ್ರಣಾಲಯವನ್ನು ಜಾಣತನದಿಂದ ಉಳಿಸಲಾಯಿತು" ಎನ್ನುತ್ತಿದ್ದರು. ಯಾರ ಜಾಣತನ ಎಂದು ಯಾರೂ ಕೇಳಲಿಲ್ಲ. ಅವರೂ ಹೇಳಲಿಲ್ಲ.

ಸ್ವಾತಂತ್ರ್ಯ ಬಂತು. ಮುಂಗಟ್ಟಿನ ಅಂಗಳದಲ್ಲಿ ಬಾವುಟ ಏರಿಸಿದರು. ನಾವು ಹಿತ್ತಲ ಗೋಡೆಯ ಮೇಲಿಂದ ಇಣುಕಿದೆವು. ಬಾವುಟದ ಮೇಲಿನ ಪಟ್ಟಿ ಮಾತ್ರ ಕಂಡಿತು.

"ಕೆಳಗಡೆ ಯಾವ ಬಣ್ಣ?" ಎಂದು ಅವಳು ಕೇಳಿದಳು.

"ಕೊಳೆಯಾದ್ರೆ ತೊಳೆಯೋಕೆ ನಿನ್ನ ಹತ್ರಾನೇ ಬರತ್ತೆ. ಆಗ ನೋಡು" ಎಂದೆ.

ಅವಳು ನಕ್ಕಳು. ಆಮೇಲೆ ಬಹಳ ಹೊತ್ತು ನಗಲಿಲ್ಲ.

ಸ್ವಾತಂತ್ರ್ಯದ ಹಿಂದೆಯೇ ಸಂವಿಧಾನದ ಕೆಲಸ ಶುರುವಾಯಿತು. ದೊಡ್ಡ ದೊಡ್ಡವರು ಸಭೆ ಸೇರಿ ಚರ್ಚೆ ಮಾಡುತ್ತಿದ್ದರು. ಅವರ ಕರಡುಗಳು ಅಚ್ಚಿಗೆ ನಮ್ಮಲ್ಲಿಗೆ ಬಂದವು. ಯಜಮಾನರ ಜೈಲುವಾಸಕ್ಕೆ ಸಿಕ್ಕ ಮರ್ಯಾದೆ ಅದು. ಒಂದು ಕರಡು ಅಚ್ಚಾಗಿ ಹೋಗುವುದು, ಸಭೆಯಲ್ಲಿ ತಿದ್ದುವುದು, ಗೀಚಿದ ಕಾಗದ ಮತ್ತೆ ಬರುವುದು. ಹೀಗೆ ಮೂರು ವರ್ಷ.

ಈಗ ಒಂದು ಮಾತು ಹೇಳಬೇಕು. ನನ್ನ ಹೆಂಡತಿ ಓದುತ್ತಿದ್ದಳು. ಇದು ಮುದ್ರಣಾಲಯದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಪುಟ ಜೋಡಿಸಿದ ಮೇಲೆ ಒಂದು ಪ್ರತಿ ತೆಗೆದು, ಒಬ್ಬರು ಗಟ್ಟಿಯಾಗಿ ಓದಿ ಇನ್ನೊಬ್ಬರು ತಪ್ಪು ಹುಡುಕುತ್ತಿದ್ದರು. ಅವರು ಕೂರುತ್ತಿದ್ದದ್ದು ಹಿತ್ತಲ ಕಿಟಕಿಯ ಪಕ್ಕ. ಪ್ರತಿ ತೆಗೆದ ಮೊಳೆಗಳು ಮಸಿ ಒರೆಸಲು ಅವಳ ಮುಂದೆ ಬಂದಿರುತ್ತಿದ್ದವು. ಕಿವಿಯಲ್ಲಿ ಅವರ ಓದು, ಬೆರಳ ಕೆಳಗೆ ಅಕ್ಷರ. ವರ್ಷಗಟ್ಟಲೆ ಹೀಗೆ ಕೂತು ಅವಳಿಗೆ ಓದು ಬಂತು. ಆಮೇಲೆ ನನಗೂ ಕಲಿಸಿದಳು.

ಆದರೆ ಮೊಳೆಯ ಮೇಲೆ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತದೆ. ಅವಳಿಗೆ ಬಂದದ್ದು ಆ ಓದು. ಸೀಸದ ಮೇಲಿದ್ದರೆ ನೀರು ಕುಡಿದಂತೆ ಓದುತ್ತಿದ್ದಳು. ಕಾಗದದ ಮೇಲಿದ್ದರೆ ಒಂದು ಅಕ್ಷರವೂ ಬಾರದು. ಅಂಗಡಿಯ ಹಲಗೆಗಳೆಲ್ಲ ಉಲ್ಟಾ ಬರೆದಿವೆ ಎಂದು ಅವಳ ದೂರು. "ಊರಿಗೆ ಊರೇ ತಪ್ಪು ಬರೆದಿದೆ ನೋಡಿ" ಎನ್ನುತ್ತಿದ್ದಳು.

ಸಂವಿಧಾನದ ಹನ್ನೊಂದನೆಯ ಕಲಮಿನ ಮೇಲೆ ಅವಳಿಗೆ ಕಣ್ಣು. ಮೊದಲ ಕರಡಿನಲ್ಲಿ ಅದು ಒಂದೇ ಸಾಲು: ಪ್ರಜೆಗಳೆಲ್ಲರೂ ಸಮಾನರು. ತೊಳೆದು ಮನೆಗೆ ಬಂದು ನನಗೆ ಹೇಳಿದಳು.

"ಚೆನ್ನಾಗಿದೆಯಲ್ಲ" ಎಂದೆ.

"ಚೆನ್ನಾಗಿದೆ. ಸಂಬಂಧಿಕರು ಊಟಕ್ಕೆ ಕರೆದ ಹಾಗಿದೆ. ಯಾವತ್ತು ಬನ್ನಿ ಅಂತ ಹೇಳಿಲ್ಲ."

ಎರಡನೆಯ ಕರಡಿನಲ್ಲಿ ಆ ಸಾಲಿಗೆ ಬಾಲ ಬೆಳೆದಿತ್ತು: ಸಾಧ್ಯವಾದ ಮಟ್ಟಿಗೆ. ಆ ದಿನ ಅವಳು ಆ ಮೂರು ನಾಲ್ಕು ಅಂಗುಲದ ಸೀಸವನ್ನು ಎಷ್ಟು ಉಜ್ಜಿದಳೆಂದರೆ ಬ್ರಷ್ಷಿನ ಕೂದಲು ಕಿತ್ತುಬಂತು. ಮೂರನೆಯ ಕರಡಿನಲ್ಲಿ ಬಾಲ ಕತ್ತರಿಸಿದ್ದರು. ಅದರ ಬದಲು ಹೊಸ ಸಾಲು: ಬಾಗಿಲು, ಬೀದಿ, ಬಾವಿ ಇವುಗಳಿಂದ ಯಾವ ಪ್ರಜೆಯನ್ನೂ ಹುಟ್ಟಿನ ಕಾರಣಕ್ಕಾಗಲಿ ಕಸುಬಿನ ಕಾರಣಕ್ಕಾಗಲಿ ದೂರವಿಡತಕ್ಕದ್ದಲ್ಲ. ಕೂಸು ಬೆಳೆಯುವುದನ್ನು ಮೀಯಿಸುವವಳೇ ಮೊದಲು ನೋಡುವುದು. ಅವಳೂ ಹಾಗೆಯೇ ನೋಡುತ್ತಿದ್ದಳು. ಒಂದು ಸಲ ಬೊಜ್ಜು ಬರುತ್ತಿತ್ತು, ಒಂದು ಸಲ ಸೊರಗುತ್ತಿತ್ತು, ಆದರೂ ಉದ್ದವಾಗುತ್ತಿತ್ತು.

ಆ ಮೂರನೆಯ ಕರಡನ್ನು ತೊಳೆಯುವ ದಿನವೇ ಅವಳ ಕೈ ಸುಟ್ಟಿತು. ಚೌಕಟ್ಟು ಜಾರಿ ತೊಟ್ಟಿಗೆ ಬಿತ್ತು. ಕಾಸ್ಟಿಕ್ ನೀರು ಮೊಣಕೈವರೆಗೆ ಚಿಮ್ಮಿತು. ಹಂಡೆಯಲ್ಲಿ ನೀರು ತಳ ಕಂಡಿತ್ತು. ನಾನು ಯಂತ್ರದ ಮೇಲಿದ್ದೆ. ಅವಳು ಏನನ್ನೂ ಯೋಚಿಸದೆ ಹಜಾರಕ್ಕೆ ಓಡಿದಳು.

ಕೊಳಾಯಿಯ ಮುಂದೆ ಹಿರಿಯ ಜೋಡಿಸುವವ ನಿಂತಿದ್ದ. ನಾವು ಅವನನ್ನು ಕನ್ನಡಕದಣ್ಣ ಎನ್ನುತ್ತಿದ್ದೆವು. ಆ ಸಾಲನ್ನು ಅವತ್ತು ಬೆಳಿಗ್ಗೆ ಜೋಡಿಸಿದ್ದು ಅವನೇ.

"ಎಲ್ಲಿಗೆ?" ಎಂದ.

"ಕೈ ಅಣ್ಣಾ, ಕೈ!"

"ನಿಮ್ಮ ಹಂಡೆ ಹಿಂದಿದೆ."

ತಳ್ಳಲಿಲ್ಲ, ಬೈಯಲಿಲ್ಲ. ಸುಮ್ಮನೆ ಕೊಳಾಯಿಗೆ ಬೆನ್ನು ಕೊಟ್ಟು ನಿಂತ. ಅವಳು ಹಿಂದಿರುಗಿ ಬಂದು ಹಂಡೆಯ ತಳದ ಗಸಿಯಲ್ಲಿ ಕೈ ಅದ್ದಿದಳು. ತೋಳಿನ ಚರ್ಮ ಬೇಯಿಸಿದ ಸಿಪ್ಪೆಯಂತೆ ಸುಲಿದು ಬಂತು. ಮನೆಯಲ್ಲಿ ಬಟ್ಟೆ ಸುತ್ತುತ್ತಾ ನಾನು ಅತ್ತೆ. ಅವಳು ಅಳಲಿಲ್ಲ.

"ಬಾಗಿಲು ಹಾಕಿದ್ರು, ಬೀದಿ ಹಾಕಿದ್ರು, ಬಾವಿ ಹಾಕಿದ್ರು. ಕೊಳಾಯಿ ಮರೆತ್ರು ನೋಡಿ" ಎಂದಳು.

ನಾಲ್ಕು ತಿಂಗಳ ಮೇಲೆ ಕಡೆಯ ಪ್ರತಿ ಬಂತು. ಇನ್ನು ತಿದ್ದುವುದಿಲ್ಲ, ಅಚ್ಚಾದ ಮೇಲೆ ಸಭೆಯವರು ಸಹಿ ಹಾಕುವುದೇ. ಸಹಿಗೆ ಒಂಬತ್ತು ದಿನ ಉಳಿದಿತ್ತು. ಹನ್ನೊಂದನೆಯ ಕಲಮು ಇದ್ದ ಎಂಟು ಪುಟಗಳನ್ನು ನಾನೇ ತುಳಿದು ಮುಗಿಸಿ, ಚೌಕಟ್ಟುಗಳನ್ನು ಅವಳ ಮುಂದೆ ಇಟ್ಟೆ. ಅವಳು ಬ್ರಷ್ಷು ತೆಗೆದುಕೊಂಡಳು. ಬಗ್ಗಿದಳು. ಬಗ್ಗಿದವಳು ಹಾಗೆಯೇ ನಿಂತಳು.

"ಇವ್ರೇ, ಬನ್ನಿ ಇಲ್ಲಿ."

ಹೋದೆ. ಅವಳು ಬೆರಳಿಟ್ಟು ತೋರಿಸಿದಳು. ಬಾಗಿಲು, ಬೀದಿ, ಬಾವಿ, ಕೊಳಾಯಿ. ಸಭೆಯಲ್ಲಿ ಯಾರ ಕೈ ಸುಟ್ಟಿತ್ತೋ, ಯಾವ ಪುಣ್ಯಾತ್ಮ ಎದ್ದು ನಿಂತು ಹೇಳಿದನೋ, ನಮಗೆ ಇವತ್ತಿಗೂ ಗೊತ್ತಿಲ್ಲ. ನಾನು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ಅವಳು ಕೈ ಮುಗಿಯಲಿಲ್ಲ. ಬ್ರಷ್ಷನ್ನು ಕೆಳಗಿಟ್ಟಳು. ಸೆರಗಿನಲ್ಲಿ ಕೈ ಒರೆಸಿಕೊಂಡಳು. ತೊಟ್ಟಿಯ ಕಟ್ಟೆಯ ಮೇಲೆ ಕೂತಳು.

"ಇದನ್ನ ನಾನು ತೊಳೆಯಲ್ಲ."

"ಯಾಕೆ?"

"ನಾನು ತೊಳೆದ್ರೆ ಅಳಿಸಿಹೋಗತ್ತೆ. ಮೂರು ಸಲ ನೋಡಿದೀನಿ. ನಾನು ತೊಳೀತೀನಿ, ಅವರು ಬಿಡಿಸಿ ಖಾನೆಗೆ ಹಾಕ್ತಾರೆ, ಸಂಜೆ ಹೊತ್ತಿಗೆ ಕೊಳಾಯಿ ಅನ್ನೋ ಮಾತು ನೂರು ಖಾನೆಲಿ ಚೆಲ್ಲಿರತ್ತೆ. ಮೊದಲು ಈ ಮನೇಲಿ ಇದು ಆಗಲಿ. ಆಮೇಲೆ ತೊಳೀತೀನಿ."

"ಲೇ, ಬೇಡ ಕಣೇ. ಕಾಯ್ದೆನೇ ಬರ್ತಿದೆಯಲ್ಲ, ಇನ್ನೆಷ್ಟು ದಿನ" ಎಂದೆ. ಅವಳಿಗೆ ಮೊದಲು ಅಡ್ಡ ನಿಂತವನು ನಾನೇ. ಇದನ್ನೂ ಮುಚ್ಚಿಡುವುದಿಲ್ಲ.

"ನೀವು ಕಾಯಿರಿ. ನಿಮಗೆ ನಿಂತಲ್ಲೇ ನಡೆದು ಅಭ್ಯಾಸ."

ಮಧ್ಯಾಹ್ನವಾಯಿತು. ಜೋಡಿಸುವವರ ಖಾನೆಗಳು ಬರಿದಾದವು. ಎಲ್ಲಿ ಮೊಳೆ ಎಂಬ ಕೂಗು ಬಂತು. ಯಜಮಾನರು ಹಿತ್ತಲಿಗೆ ಬಂದರು. ಅವರ ಹಿಂದೆ ಕನ್ನಡಕದಣ್ಣ, ಅವನ ಹಿಂದೆ ಇನ್ನು ಮೂವರು.

"ಏನಮ್ಮಾ ಇದು? ಮಸಿ ಒಣಗ್ತಿದೆ! ಮೈ ಸರಿಯಿಲ್ವಾ?"

"ಮೈ ಸರಿಯಿದೆ ಯಜಮಾನ್ರೇ. ಈ ಪುಟದಲ್ಲಿ ಬರೆದಿದೆಯಲ್ಲ, ಕೊಳಾಯಿಯಿಂದ ಯಾರನ್ನೂ ದೂರ ಇಡಬಾರದು ಅಂತ. ಅದು ಈ ಮನೆಗೂ ಸೇರತ್ತೋ ಇಲ್ವೋ?"

ಯಜಮಾನರು ಬೆಚ್ಚಿದರು. "ನಿಂಗೆ ಯಾರು ಹೇಳಿದ್ರು ಈ ಪುಟದಲ್ಲಿ ಏನಿದೆ ಅಂತ?"

"ಓದಿದೆ."

ಎಲ್ಲರೂ ನಕ್ಕರು. ಕನ್ನಡಕದಣ್ಣ ಅಚ್ಚಾದ ಹಾಳೆಯೊಂದನ್ನು ಅವಳ ಕೈಗೆ ಕೊಟ್ಟ. "ಎಲ್ಲಿ, ಓದು ನೋಡೋಣ."

ಅವಳು ಹಾಳೆಯನ್ನು ನೋಡಿದಳು. ನೆಟ್ಟಗಿನ ಅಕ್ಷರ, ಅವಳಿಗೆ ಬಾರದ ಅಕ್ಷರ. ಅವಳು ಹಾಳೆಯನ್ನು ಮಗುಚಿ, ಹಿಂಬದಿ ತನ್ನ ಕಡೆಗೆ ಬರುವಂತೆ ಹಿಡಿದು, ಬಿಸಿಲಿಗೆ ಎತ್ತಿದಳು. ಈ ಸಲ ಇನ್ನೂ ಜೋರಾಗಿ ನಕ್ಕರು. ಹಾಳೆ ಹಿಡಿಯಲೂ ಬಾರದವಳು ಸಂವಿಧಾನ ಓದುತ್ತಾಳಂತೆ! ಬೆಳಕಿನಲ್ಲಿ ಅಕ್ಷರಗಳು ಕಾಗದದ ಆಚೆಯಿಂದ ತಿರುಗಿ ಕಂಡವು. ಅವಳು ಹನ್ನೊಂದನೆಯ ಕಲಮನ್ನು ಮೊದಲಿನಿಂದ ಕೊನೆಯವರೆಗೆ ಓದಿದಳು. ಎಲ್ಲೂ ತಡವರಿಸಲಿಲ್ಲ. ನಗು ಒಂದೊಂದೇ ಬಾಯಿಯಲ್ಲಿ ನಿಂತುಹೋಯಿತು.

"ಆಯ್ತಮ್ಮಾ" ಎಂದರು ಯಜಮಾನರು. "ಸಹಿ ಆಗಲಿ, ಜಾರಿ ದಿನ ಅಂತ ಒಂದು ಬರತ್ತೆ. ಅವತ್ತಿಂದ ನೋಡೋಣ. ದೇಶದ ಕೆಲಸ ಇದು. ನಿಲ್ಲಿಸಬಾರದು."

"ದೇಶದ ಕೆಲಸ ನಾನೂ ಮಾಡಿದೀನಿ. ಪೊಲೀಸಿನವನು ಬಂದಾಗ ನಾನು ಜಾರಿ ದಿನ ಬರಲಿ ಅಂದಿದ್ನಾ?"

ಯಜಮಾನರು ನೆಲ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಏನಪ್ಪಾ, ನೀನಾದ್ರೂ ತೊಳಿ. ನೀನು ತಿಳಿದವನು."

ತಿಳಿದವನು ಎಂದರೆ ಬಗ್ಗುವವನು ಎಂದು ಅರ್ಥ. ನನ್ನ ಕೈ ತಾನಾಗಿ ಹೋಗಿ ಬ್ರಷ್ಷನ್ನು ಹಿಡಿಯಿತು. ಅವಳು ತಡೆಯಲಿಲ್ಲ. ಅಂದಿನ ಸುಟ್ಟ ಕಲೆ ಅವಳ ತೋಳಿನ ಮೇಲೆ ಬಿಸಿಲಿಗೆ ಹೊಳೆಯುತ್ತಿತ್ತು. ನನ್ನ ಕಣ್ಣು ಅಲ್ಲಿ ನಿಂತಿತು. ಕಾಲು ಮುಂದೆ ಬರಲಿಲ್ಲ.

"ನನ್ನದು ತುಳಿಯೋ ಕಾಲು ಯಜಮಾನ್ರೇ. ತೊಳೆಯೋ ಕೈ ಅಲ್ಲ" ಎಂದೆ. ಬ್ರಷ್ಷನ್ನು ಕೆಳಗಿಟ್ಟೆ. ದೇಶದ ಬಿಡುಗಡೆಗೆ ನಾನು ಕೊಟ್ಟ ಕಾಣಿಕೆ ಆ ಒಂದು ಮಾತು. ಅದನ್ನೂ ಮೆಲ್ಲಗೆ ಹೇಳಿದೆ.

ಯಜಮಾನರಿಗೆ ಸಿಟ್ಟು ಬಂತು. "ಬೇಡ ಬಿಡಿ! ಜೈಲಿನಲ್ಲಿ ಕಕ್ಕಸು ತೊಳೆದ ಕೈ ಇದು. ನಾಲ್ಕು ಮೊಳೆ ತೊಳೆಯೋಕೆ ಆಗಲ್ವಾ?" ಎಂದು ಒರಟು ಅಂಗಿಯ ತೋಳು ಮಡಿಸಿದರು.

"ಮೊದಲು ನೀರು ಬೆರೆಸ್ಬೇಕು ಯಜಮಾನ್ರೇ. ಈಗ ಅದು ಬರೀ..." ಎಂದು ಅವಳು ಹೇಳುವಷ್ಟರಲ್ಲಿ ಎರಡೂ ಕೈ ತೊಟ್ಟಿಯೊಳಗೆ ಹೋದವು.

ಅವರು ಕೂಗಿದ ಕೂಗು ನಾಲ್ಕು ಬೀದಿಗೆ ಕೇಳಿಸಿರಬೇಕು. ಕೈ ಹೊರಗೆ ತೆಗೆದು, ಸುತ್ತ ತಿರುಗಿ, ನೀರು ನೀರು ಎಂದರು. ಕೊಳಾಯಿಗೆ ಹನ್ನೆರಡು ಹೆಜ್ಜೆ, ದಾರಿಯಲ್ಲಿ ನಾಲ್ವರು ನಿಂತಿದ್ದರು. ನಮ್ಮ ಹಂಡೆಗೆ ಎರಡು ಹೆಜ್ಜೆ. ಬೆಳಿಗ್ಗೆ ನಾನೇ ತುಂಬಿಸಿದ್ದೆ. ಯಜಮಾನರು ಆ ಹಂಡೆಯಲ್ಲಿ ಮೊಣಕೈವರೆಗೆ ಕೈ ಮುಳುಗಿಸಿ ಕುಕ್ಕರಿಸಿ ಕೂತರು. ಕಣ್ಣಲ್ಲಿ ನೀರು ಧಾರೆಯಾಗಿ ಹರಿಯಿತು. ಮೊದಲ ಸಲ ಅದು ಹಿತ್ತಲಿನವರೆಗೆ ಬಂದಿತ್ತು.

ಅವಳು ಅವರ ಎದುರಿಗೆ ಕೂತಳು. ದನಿ ಮೆತ್ತಗಿತ್ತು.

"ಉರೀತಾ ಯಜಮಾನ್ರೇ?"

"ಉರಿ, ತಾಯೀ."

"ಕೈ ತೆಗೀಬೇಡಿ. ಇನ್ನೂ ಸ್ವಲ್ಪ ಹೊತ್ತು ಇರಲಿ. ನಿಮ್ಮ ಕೊಳಾಯಿ ಒಳಗಿದೆ ಅಂತ ನಾನೇನೂ ಅನ್ನಲ್ಲ."

ಕನ್ನಡಕದಣ್ಣ ತಲೆ ತಗ್ಗಿಸಲಿಲ್ಲ. ಅವನಿಗೆ ಬೇರೆಯೇ ಭಯ. "ಯಜಮಾನ್ರು ಬೇಕಾದ್ರೆ ಒಪ್ಪಲಿ" ಎಂದ. "ಇವಳು ಕೊಳಾಯಿ ಮುಟ್ಟಿದ್ರೆ ನಾವು ಮೊಳೆ ಮುಟ್ಟಲ್ಲ. ಕಾಯ್ದೆ ಕಾಗದದ ಮೇಲಿರಲಿ. ಇವಳು ಮುಟ್ಟಿದ್ದನ್ನ ನಾವು ಮುಟ್ಟೋದು ಹೇಗೆ?"

ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರಲ್ಲ, ಅದು ಇದೇ.

ಅವನಿಗೆ ಒಂದು ಅಭ್ಯಾಸವಿತ್ತು. ಜೋಡಿಸುವವರಿಗೆಲ್ಲ ಇರುವ ಅಭ್ಯಾಸ. ಸಾಲು ಬಿಗಿಯಾಗಲು ನಡುವೆ ಸೇರಿಸುವ ತೆಳ್ಳನೆಯ ಸೀಸದ ಪಟ್ಟಿಗಳನ್ನು, ಎರಡು ಕೈಯೂ ಬಿಡುವಿಲ್ಲದಾಗ ತುಟಿಗಳ ನಡುವೆ ಕಚ್ಚಿಕೊಳ್ಳುವುದು. ಕೆಲಸ ಬಿಟ್ಟು ಎದ್ದು ಬಂದಾಗಲೂ ಒಂದು ಪಟ್ಟಿ ಅವನ ತುಟಿಯ ತುದಿಯಲ್ಲಿ ಇತ್ತು. ಆ ಮಾತನ್ನೆಲ್ಲ ಅವನು ಅದನ್ನು ಕಚ್ಚಿಕೊಂಡೇ ಆಡಿದ್ದ.

ನನ್ನ ಹೆಂಡತಿ ಅವನ ಮುಖವನ್ನೇ ನೋಡಿದಳು.

"ಅಣ್ಣಾ, ನಿಮ್ಮ ಬಾಯಲ್ಲಿ ಏನಿದೆ?"

"ಏನಿದೆ? ಪಟ್ಟಿ."

"ಯಾರು ತೊಳೆದಿದ್ದು?"

ಅವನು ಯಜಮಾನರ ಕಡೆ ನೋಡಿದ.

"ನಿನ್ನೆ ಸಂಜೆ ಈ ಕೈಯಲ್ಲಿ ತೊಳೆದೆ. ಹತ್ತು ವರ್ಷದಿಂದ ತೊಳೀತಿದೀನಿ. ಹತ್ತು ವರ್ಷದಿಂದ ನೀವು ಬಾಯಲ್ಲಿ ಇಟ್ಕೊಳ್ತಿದೀರಿ. ನನ್ನ ಕೈ ನಿಮ್ಮ ನಾಲಿಗೆಗೆ ಆಗತ್ತೆ, ಹಿತ್ತಾಳೆ ಕೊಳಾಯಿಗೆ ಆಗಲ್ವಾ?"

ಅವನು ಪಟ್ಟಿಯನ್ನು ಬಾಯಿಂದ ತೆಗೆದ. ಅಂಗೈಯಲ್ಲಿ ಇಟ್ಟುಕೊಂಡು ನೋಡಿದ. ಎಸೆಯುವ ಹಾಗಿಲ್ಲ, ಮೊಳೆಗೆ ಬರಗಾಲ. ಮತ್ತೆ ಕಚ್ಚಿಕೊಳ್ಳುವ ಹಾಗಿಲ್ಲ, ಎಲ್ಲರೂ ನೋಡುತ್ತಿದ್ದಾರೆ. ಉಗುಳೋಣವೆಂದರೆ ಹತ್ತು ವರ್ಷದ್ದನ್ನು ಉಗುಳಬೇಕು. ಅತ್ತ ದರಿ ಇತ್ತ ಪುಲಿ. ಅವನ ಹಿಂದಿದ್ದ ಮೂವರಲ್ಲಿ ಒಬ್ಬ ಸದ್ದಿಲ್ಲದೆ ತನ್ನ ತುಟಿ ಒರೆಸಿಕೊಂಡ. ಅದನ್ನು ಕಂಡು ಇನ್ನೊಬ್ಬನಿಗೆ ನಗು ತಡೆಯಲಾಗಲಿಲ್ಲ. ಹಂಡೆಯಲ್ಲಿ ಕೈ ಇಟ್ಟುಕೊಂಡೇ ಯಜಮಾನರೂ ನಕ್ಕರು. ಅಳುತ್ತಾ ನಕ್ಕರು.

"ಕೊಳಾಯಿ ಬಿಡ್ರೋ ಅವಳಿಗೆ" ಎಂದರು.

"ಬೇಡ" ಎಂದಳು ಅವಳು. "ಯಾರೂ ಬಿಡೋದು ಬೇಡ. ನಾನೇ ತಿರುಗಿಸ್ತೀನಿ."

ಎದ್ದಳು. ಹೊಸ್ತಿಲು ದಾಟಿದಳು. ಹನ್ನೆರಡು ಹೆಜ್ಜೆ ಎಂದು ನಾನು ಎಣಿಸಿದ್ದು ಸರಿಯಾಗಿತ್ತು. ಒಂದೊಂದು ಹೆಜ್ಜೆಗೂ ನೆಲದ ಮೇಲೆ ಕಪ್ಪು ಪಾದದ ಗುರುತು ಬಿತ್ತು. ಕೊಳಾಯಿಯ ಮುಂದೆ ನಿಂತು ಹಿಡಿ ತಿರುಗಿಸಿದಳು. ನೀರು ಬರಲಿಲ್ಲ. ಇನ್ನಷ್ಟು ಬಲವಾಗಿ ತಿರುಗಿಸಿದಳು. ಬರಲಿಲ್ಲ. ಹುಟ್ಟಿದಾಗಿನಿಂದ ಕೊಳಾಯಿ ಮುಟ್ಟಿದವಳಲ್ಲ. ಬಿಗಿಯುವ ಕಡೆಗೇ ತಿರುಗಿಸುತ್ತಿದ್ದಳು. ದೇಶಕ್ಕೆಲ್ಲ ಎದುರು ನಿಂತವಳು ಒಂದು ಹಿಡಿಯ ಮುಂದೆ ಬೆವರುತ್ತಿದ್ದಳು.

ಕನ್ನಡಕದಣ್ಣನಿಗೆ ತಡೆಯಲಾಗಲಿಲ್ಲ. ತಪ್ಪು ಕಂಡರೆ ತಿದ್ದುವ ಜಾತಿಯವನು ಅವನು.

"ಆ ಕಡೆಗಲ್ಲ" ಎಂದ. "ಮುರಿದುಬಿಡ್ತೀಯ. ಈ ಕಡೆಗೆ."

ಅವಳು ಆ ಕಡೆಗೆ ತಿರುಗಿಸಿದಳು. ನೀರು ಬಂತು.

ಅವಳು ಕುಡಿಯಲಿಲ್ಲ. ಕಲೆಯಿದ್ದ ತೋಳನ್ನು ಅದರ ಕೆಳಗೆ ಹಿಡಿದಳು. ಎಷ್ಟೋ ಹೊತ್ತು ಹಿಡಿದಳು. ನಾಲ್ಕು ತಿಂಗಳು ತಡವಾಗಿ ಬಂದ ನೀರು. ಆಮೇಲೆ ಒಂದು ಚೊಂಬು ತುಂಬಿಕೊಂಡು ಬಂದು ಯಜಮಾನರ ಕೈ ಮೇಲೆ ಹುಯ್ದಳು. ಆಮೇಲೆ ಸೆರಗು ಬಿಗಿದು ಎಂಟು ಪುಟಗಳನ್ನೂ ಸಂಜೆಯೊಳಗೆ ತೊಳೆದಳು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜೋಡಿಸುವವರಲ್ಲಿ ಒಬ್ಬ ಮರುವಾರ ಕೆಲಸ ಬಿಟ್ಟ. ಕನ್ನಡಕದಣ್ಣ ಬಿಡಲಿಲ್ಲ. ಆದರೆ ಅಂದಿನಿಂದ ಮನೆಯಿಂದ ತಂಬಿಗೆಯಲ್ಲಿ ನೀರು ಹೊತ್ತು ತರತೊಡಗಿದ. ನಾವು ಹೊರುತ್ತಿದ್ದ ಹಾಗೆಯೇ. ಅವನ ತೋಳು ನೋಯುವುದನ್ನು ಕಂಡು ಅವಳು, "ಅಣ್ಣಾ, ನಮ್ಮ ಹಂಡೆ ಖಾಲಿ ಇದೆ, ಬೇಕಾದ್ರೆ ಇಟ್ಕೊಳ್ಳಿ" ಎಂದಿದ್ದಳು. ಪಟ್ಟಿ ಕಚ್ಚುವುದನ್ನು ಮಾತ್ರ ಅವನಿಗೆ ಬಿಡಲಾಗಲಿಲ್ಲ. ಮುಂಬಾಗಿಲು ಇನ್ನೂ ಎರಡು ವರ್ಷ ಸತಾಯಿಸಿತು. ಅದು ಇನ್ನೊಂದು ಜಗಳ.

ನಾನು? ನಾನು ಕೊಳಾಯಿ ಮುಟ್ಟಿದ್ದು ಸಂವಿಧಾನ ಜಾರಿಗೆ ಬಂದ ದಿನ. ಅಲ್ಲಿಯವರೆಗೆ ನಾಲ್ಕು ಬೀದಿ ನಡೆದು ನೀರು ತಂದೆ. ಅವಳು ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. "ಪಾಪ, ನಮ್ಮವರು ಸರ್ಕಾರ ಹೇಳಿದ್ರೇನೇ ಕುಡಿಯೋದು" ಎಂದು ಕೇರಿಗೆಲ್ಲ ಸಾರಿದಳು.

ಆ ದಿನ ಹನ್ನೊಂದನೆಯ ಕಲಮಿನ ಮೊಳೆಗಳ ಮೇಲೆ ಮಸಿ ಅರ್ಧ ದಿನ ಒಣಗಿತಲ್ಲ, ಅದು ಕೆಲವು ಅಕ್ಷರಗಳ ಸಂದಿಯಿಂದ ಕೊನೆಗೂ ಬಿಡಲಿಲ್ಲ. ಆ ಮೊಳೆಗಳು ಖಾನೆಗಳಲ್ಲಿ ಬೆರೆತುಹೋದವು. ಆಮೇಲೆ ನಮ್ಮಲ್ಲಿ ಏನು ಅಚ್ಚಾದರೂ ಅಲ್ಲೊಂದು ಇಲ್ಲೊಂದು ಅಕ್ಷರ ದಪ್ಪಗೆ ಕಪ್ಪಾಗಿ ಮೂಡುತ್ತಿತ್ತು. ಶಾಲೆಯ ಪುಸ್ತಕದಲ್ಲಿ, ಮದುವೆಯ ಕಾಗದದಲ್ಲಿ, ಔಷಧಿಯ ಚೀಟಿಯಲ್ಲಿ. ಅವಳು ಕೈಗನ್ನಡಿ ಹಿಡಿದು ಹುಡುಕುತ್ತಿದ್ದಳು. ಸಿಕ್ಕಿದರೆ, "ಇಗೋ, ನನ್ನದೊಂದು" ಎನ್ನುತ್ತಿದ್ದಳು.

ನನ್ನ ಪ್ರಾರ್ಥನೆಯ ಪುಸ್ತಕವೂ ಅಲ್ಲಿ ಅಚ್ಚಾದದ್ದೇ. ಬೆಳಗಿನ ಪ್ರಾರ್ಥನೆಯ ಏಳನೆಯ ಸಾಲಿನಲ್ಲಿ ಒಂದು ಅಕ್ಷರ ಉಬ್ಬಿಕೊಂಡಿದೆ. ಮೂವತ್ತು ವರ್ಷ ಅದರ ಮೇಲೆ ಕಣ್ಣು ಹಾಯಿಸಿ ಮುಂದೆ ಹೋಗುತ್ತಿದ್ದೆ. ಈಗ ಹೋಗಲಾಗುವುದಿಲ್ಲ. ಅಲ್ಲಿಗೆ ಬಂದರೆ ನಿಲ್ಲುತ್ತೇನೆ. ಪ್ರಾರ್ಥನೆ ಅರ್ಧಕ್ಕೆ ಬಿಡುವುದು ಪಾಪವೆಂದು ಗೊತ್ತು. ಆದ್ದರಿಂದ ಉಳಿದ ಅರ್ಧವನ್ನು ನನ್ನ ಮಾತಿನಲ್ಲೇ ಮುಗಿಸುತ್ತೇನೆ.

ಸ್ವಾಮೀ, ಅವಳು ನಿನ್ನಲ್ಲಿಗೆ ಬಂದು ತಿಂಗಳಾಯಿತು. ಯಾವ ಬಾಗಿಲಿನಿಂದ ಒಳಗೆ ಬಿಟ್ಟೆಯೋ ನನಗೆ ಗೊತ್ತಿಲ್ಲ. ಮುಂಬಾಗಿಲಿನಿಂದ ಬಿಟ್ಟಿದ್ದರೆ ನಿನಗೆ ನಮಸ್ಕಾರ. ಹಿಂಬಾಗಿಲು ತೋರಿಸಿದ್ದರೆ, ಇಷ್ಟು ಹೊತ್ತಿಗೆ ನಿನ್ನ ಕೆಲಸ ನಿಂತಿರಬೇಕು.